ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಎಂಥ ದೀಪ, ಎಲ್ಲಿ ದೀಪ?

ರಾತ್ರಿ ತಾರಸಿಯ ಮೇಲೆ ನಿಂತು ನೋಡುವಾಗ ಕೆಂಪು, ಹಸಿರು, ಬಿಳಿ ಚುಕ್ಕಿಗಳು ಒಟ್ಟಾಗಿ ಆಕಾಶದಲ್ಲಿ ಸಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಪಕ್ಕದಲ್ಲಿರುವ ಮಗು "ವಿಮಾನಕ್ಕೆ ಲೈಟ್ ಯಾಕೆ?" ಎಂದು ಕೇಳಿದರೆ ನಮ್ಮಲ್ಲಿ ಬಹಳಷ್ಟು ಜನ "ದಾರಿ ಕಾಣೋದಕ್ಕೆ" ಎನ್ನುತ್ತೇವೆ. ಬಸ್ಸಿಗೆ, ಬೈಕಿಗೆ ಸರಿಹೋಗುವ ಈ ಉತ್ತರ ವಿಮಾನಕ್ಕೆ ಸರಿಹೋಗುವುದಿಲ್ಲ. ಸಾವಿರಾರು ಅಡಿ ಎತ್ತರದಲ್ಲಿ ಬೆಳಗಿಸಲು ರಸ್ತೆಯೇ ಇಲ್ಲ. ಇಳಿಯುವಾಗ ಮತ್ತು ನೆಲದ ಮೇಲೆ ಓಡುವಾಗ ಬೇಕಾಗುವ ಒಂದೆರಡು ದೀಪಗಳನ್ನು ಬಿಟ್ಟರೆ, ವಿಮಾನದ ಹೊರಗಿನ ದೀಪಗಳೆಲ್ಲ ಇರುವುದು ಬೇರೆಯವರಿಗೆ ತಾನು ಕಾಣಲಿ ಎಂದು.

ದೊಡ್ಡ ಕಾರ್ಖಾನೆಯಲ್ಲಿ ತಯಾರಾದ ವಿಮಾನದಲ್ಲಿ ಯಾವ ದೀಪ ಎಲ್ಲಿರಬೇಕೆಂದು ಎಂಜಿನಿಯರುಗಳು ಮೊದಲೇ ತೀರ್ಮಾನಿಸಿರುತ್ತಾರೆ. ಆದರೆ ತನ್ನ ವಿಮಾನವನ್ನು ತಾನೇ ಕಟ್ಟಿಕೊಳ್ಳುವವನು ಏನು ಮಾಡಬೇಕು? ಈ ಪ್ರಶ್ನೆಯ ಜೊತೆ ಹೊರಟರೆ ಬೆಳಕು, ಕಣ್ಣು ಮತ್ತು ಸುರಕ್ಷತೆಯ ಬಗ್ಗೆ ನಾವು ನಂಬಿಕೊಂಡಿರುವ ಹಲವು ತಪ್ಪು ಕಲ್ಪನೆಗಳು ಒಂದೊಂದಾಗಿ ಬಯಲಾಗುತ್ತವೆ.

ಮನೆಯಲ್ಲಿ ವಿಮಾನ ಕಟ್ಟುತ್ತಾರೆಯೇ?

ಕಟ್ಟುತ್ತಾರೆ. ಅಮೆರಿಕದಲ್ಲಿ ಇದು ದಶಕಗಳಿಂದ ಬೆಳೆದುಬಂದ ಹವ್ಯಾಸ. ಇಂಥವರ ಸಂಘಟನೆಯಾದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ 1953ರಲ್ಲಿ ಹುಟ್ಟಿತು. ವ್ಯಾನ್ಸ್ ಎಂಬ ಕಂಪನಿಯ ಕಿಟ್‌ಗಳಿಂದ ಕಟ್ಟಿದ ಆರ್‌ವಿ ಸರಣಿಯ ವಿಮಾನಗಳೇ 10,000ಕ್ಕೂ ಹೆಚ್ಚು ಹಾರಿವೆ. ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಲಿಕೆಗಾಗಿ ಅಥವಾ ಹವ್ಯಾಸಕ್ಕಾಗಿ ಕಟ್ಟುವವರೇ ಮಾಡಿರಬೇಕು ಎಂಬುದು ಅಲ್ಲಿನ ಮುಖ್ಯ ನಿಯಮ.

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಅಮೆರಿಕದ ವಿನ್ಯಾಸಕಾರ ಬರ್ಟ್ ರುಟಾನ್ ಅವರು ಮನೆಯಲ್ಲೇ ಕಟ್ಟುವವರಿಗಾಗಿ ರೂಪಿಸಿದ ಲಾಂಗ್-ಈಜಿ ವಿಮಾನವನ್ನು ಆಧರಿಸಿ, 1980ರ ದಶಕದಲ್ಲಿ ಇಲ್ಲಿನ ಎನ್‌ಎಎಲ್ ಸಂಸ್ಥೆ ಒಂದು ಹಗುರ ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿತು. ಪ್ರೊಪೆಲರ್ ಹಿಂದೆ, ಪುಟ್ಟ ರೆಕ್ಕೆ ಮುಂದೆ ಇರುವ ಈ ವಿಚಿತ್ರ ಆಕಾರದ ವಿಮಾನಕ್ಕೆ ಬಾಲವೇ ಇಲ್ಲ. ಹಾಗಾದರೆ ಬಾಲದ ದೀಪ ಎಲ್ಲಿ? ಇದಕ್ಕೆ ಉತ್ತರವನ್ನು ಮುಂದೆ ನೋಡೋಣ.

ಮೂರು ಬಗೆ, ಮೂರು ಕೆಲಸ

ಹೊರಗಿನ ದೀಪಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ಸ್ಥಾನಸೂಚಕ ದೀಪ. ಎಡ ರೆಕ್ಕೆಯ ತುದಿಯಲ್ಲಿ ಕೆಂಪು, ಬಲ ರೆಕ್ಕೆಯ ತುದಿಯಲ್ಲಿ ಹಸಿರು, ಹಿಂದೆ ಬಿಳಿ. ಇವು ಮಿನುಗುವುದಿಲ್ಲ, ಸ್ಥಿರವಾಗಿ ಉರಿಯುತ್ತವೆ. ವಿಮಾನ ಯಾವ ಕಡೆಗೆ ಮುಖ ಮಾಡಿದೆ ಎಂದು ಹೇಳುವುದು ಇವುಗಳ ಕೆಲಸ.

ಎರಡನೆಯದು ಡಿಕ್ಕಿ ತಡೆಯುವ ಮಿನುಗು ದೀಪ, ಅಂದರೆ ಸ್ಟ್ರೋಬ್ ಅಥವಾ ಬೀಕನ್. "ಇಲ್ಲಿ ಒಂದು ವಿಮಾನವಿದೆ, ಇತ್ತ ನೋಡಿ" ಎಂದು ಗಮನ ಸೆಳೆಯುವುದಷ್ಟೇ ಇದರ ಕೆಲಸ.

ಮೂರನೆಯದು ಲ್ಯಾಂಡಿಂಗ್ ಮತ್ತು ಟ್ಯಾಕ್ಸಿ ದೀಪ. ಪೈಲಟ್‌ಗೆ ನೆಲ ಕಾಣುವಂತೆ ಮಾಡಲೆಂದು ಇರುವುದು ಈ ಒಂದು ಗುಂಪು ಮಾತ್ರ.

ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನ ಹಗಲಲ್ಲಿ ಮಾತ್ರ ಹಾರುವುದಾದರೆ ನಿಯಮಗಳು ಸಡಿಲ. ರಾತ್ರಿ ಹಾರಬೇಕೆಂದರೆ ಮೊದಲ ಎರಡು ಗುಂಪುಗಳು ಕಡ್ಡಾಯ. ಬಾಡಿಗೆಗೆ ಹಾರಿಸದ ಖಾಸಗಿ ವಿಮಾನಕ್ಕೆ ಲ್ಯಾಂಡಿಂಗ್ ದೀಪ ಕಡ್ಡಾಯವಲ್ಲ. ಇದು ಮೊದಲು ವಿಚಿತ್ರವೆನಿಸಬಹುದು. ಆದರೆ ಕಾನೂನಿನ ತರ್ಕ ಸ್ಪಷ್ಟವಾಗಿದೆ: ನೀವು ನೋಡುವುದು ನಿಮ್ಮ ಹೊಣೆ, ನೀವು ಕಾಣಿಸಿಕೊಳ್ಳುವುದು ಎಲ್ಲರ ಸುರಕ್ಷತೆಯ ಪ್ರಶ್ನೆ.

ಬಣ್ಣಗಳೇ ಭಾಷೆ

ಕೆಂಪು ಮತ್ತು ಹಸಿರು ದೀಪಗಳ ಪದ್ಧತಿ ಹಡಗುಗಳಿಂದ ಬಂದದ್ದು. 19ನೇ ಶತಮಾನದಲ್ಲಿ ಉಗಿ ಹಡಗುಗಳು ಹೆಚ್ಚಾದಾಗ ಕತ್ತಲಲ್ಲಿ ಎದುರಿನ ಹಡಗು ಯಾವ ಕಡೆಗೆ ಸಾಗುತ್ತಿದೆ ಎಂದು ತಿಳಿಯುವುದು ಜೀವನ್ಮರಣದ ಪ್ರಶ್ನೆಯಾಯಿತು. ಅಲ್ಲಿ ಗಟ್ಟಿಯಾದ ಭಾಷೆಯನ್ನೇ ವಿಮಾನಗಳೂ ಕಲಿತವು.

ಈ ಭಾಷೆಯ ವ್ಯಾಕರಣ ಇರುವುದು ಕೋನಗಳಲ್ಲಿ. ಕೆಂಪು ದೀಪ ವಿಮಾನದ ಮೂಗಿನ ನೇರದಿಂದ ಎಡಕ್ಕೆ 110 ಡಿಗ್ರಿವರೆಗೆ ಕಾಣಬೇಕು. ಹಸಿರು ಬಲಕ್ಕೆ 110 ಡಿಗ್ರಿ. ಉಳಿದ 140 ಡಿಗ್ರಿ ಬಿಳಿ ದೀಪದ ಪಾಲು. ಮೂರೂ ಸೇರಿದರೆ ಸರಿಯಾಗಿ 360.

ಈಗ ನೀವು ಪೈಲಟ್ ಎಂದುಕೊಳ್ಳಿ. ನಿಮ್ಮ ಬಲಗಡೆ ಒಂದು ಕೆಂಪು ದೀಪ ಮಾತ್ರ ಕಾಣುತ್ತಿದೆ. ಅಂದರೆ ಆ ವಿಮಾನದ ಎಡ ಮಗ್ಗುಲು ನಿಮ್ಮತ್ತ ಇದೆ. ಅದು ಬಲದಿಂದ ಎಡಕ್ಕೆ ನಿಮ್ಮ ದಾರಿಯನ್ನು ಅಡ್ಡಹಾಯುತ್ತಿದೆ. ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು ಎಂಬುದು ಆಕಾಶದ ನಿಯಮ, ಆದ್ದರಿಂದ ದಾರಿ ಬಿಡಬೇಕಾದವರು ನೀವು. ಅದೇ ಹೊತ್ತಿನಲ್ಲಿ ಆ ಪೈಲಟ್‌ಗೆ ಕಾಣುವುದು ನಿಮ್ಮ ಬಲ ರೆಕ್ಕೆಯ ಹಸಿರು. ನಿಮಗೆ "ನಿಲ್ಲು", ಅವರಿಗೆ "ಹೋಗು". ಎದುರಿಗೆ ಕೆಂಪು ಮತ್ತು ಹಸಿರು ಎರಡೂ ಕಂಡರೆ ಅದು ನೇರ ನಿಮ್ಮತ್ತ ಬರುತ್ತಿದೆ, ಇಬ್ಬರೂ ಬಲಕ್ಕೆ ತಿರುಗಬೇಕು. ಬಿಳಿ ಮಾತ್ರ ಕಂಡರೆ ನೀವು ಅದರ ಬೆನ್ನ ಹಿಂದಿದ್ದೀರಿ.

ಒಂದು ಮಾತೂ ಆಡದೆ, ಕೆಲವೇ ಸೆಕೆಂಡುಗಳಲ್ಲಿ ಇಷ್ಟು ವಿಷಯ ತಿಳಿಯುತ್ತದೆ. ಆದರೆ ದೀಪ ಕೂರಿಸಿದವರು ಕೋನ ತಪ್ಪಿದ್ದರೆ ಈ ಭಾಷೆ ಸುಳ್ಳು ಹೇಳತೊಡಗುತ್ತದೆ. ಕೆಂಪು ಬೆಳಕು ಮೂಗಿನ ನೇರವನ್ನು ದಾಟಿ ಬಲಕ್ಕೆ ಹೆಚ್ಚು ಸೋರಿದರೆ, ಬಲ ಮಗ್ಗುಲನ್ನು ನೋಡುತ್ತಿರುವವರಿಗೂ ಕೆಂಪು ಕಾಣುತ್ತದೆ. ವಿಮಾನ ತನ್ನತ್ತಲೇ ಬರುತ್ತಿದೆಯೋ ಪಕ್ಕಕ್ಕೆ ಹೋಗುತ್ತಿದೆಯೋ ಎಂಬ ಗೊಂದಲ ಹುಟ್ಟುತ್ತದೆ.

40 ಮೇಣದಬತ್ತಿ ಸಾಕೇ?

"ಎಷ್ಟು ಪ್ರಕಾಶವೋ ಅಷ್ಟು ಸುರಕ್ಷಿತ" ಎಂಬುದು ಸಾಮಾನ್ಯ ನಂಬಿಕೆ. ಆದ್ದರಿಂದ ಸ್ಥಾನಸೂಚಕ ದೀಪಕ್ಕೆ ನಿಗದಿಯಾದ ಅಂಕಿ ಕೇಳಿದರೆ ಅಚ್ಚರಿಯಾಗುತ್ತದೆ. ಬೆಳಕಿನ ತೀವ್ರತೆಯನ್ನು ಅಳೆಯುವ ಮಾನ ಕ್ಯಾಂಡೆಲಾ. ಒಂದು ಮೇಣದಬತ್ತಿಯ ತೀವ್ರತೆ ಹೆಚ್ಚುಕಡಿಮೆ ಒಂದು ಕ್ಯಾಂಡೆಲಾ. ಅಮೆರಿಕದ ಸಣ್ಣ ವಿಮಾನಗಳ ನಿಯಮಾವಳಿಯಲ್ಲಿ ದಶಕಗಳ ಕಾಲ ಇದ್ದ ಕನಿಷ್ಠ ಅಂಕಿಗಳು ಇವು: ಕೆಂಪು ಮತ್ತು ಹಸಿರು ದೀಪಗಳು ನೇರ ಮುಂದಿನಿಂದ 10 ಡಿಗ್ರಿವರೆಗೆ 40 ಕ್ಯಾಂಡೆಲಾ, 10ರಿಂದ 20 ಡಿಗ್ರಿವರೆಗೆ 30, ಅಲ್ಲಿಂದ 110 ಡಿಗ್ರಿವರೆಗೆ ಕೇವಲ 5. ಹಿಂದಿನ ಬಿಳಿ ದೀಪಕ್ಕೆ 20. ನಿಯಮದ ಪಠ್ಯ 2017ರಲ್ಲಿ ಬದಲಾಯಿತಾದರೂ ಮನೆಯಲ್ಲಿ ಕಟ್ಟುವವರಿಗೆ ಇಂದಿಗೂ ಇವೇ ಒಳ್ಳೆಯ ಅಳತೆಗೋಲು.

ಮುಂದೆ 40, ಪಕ್ಕಕ್ಕೆ ಬರೀ 5 ಏಕೆ? ಉತ್ತರ ವೇಗದಲ್ಲಿದೆ. ಗಂಟೆಗೆ 222 ಕಿಲೋಮೀಟರ್ ವೇಗದ ಎರಡು ವಿಮಾನಗಳು ಎದುರುಬದುರು ಬಂದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 123 ಮೀಟರ್‌ನಂತೆ ಕರಗುತ್ತದೆ. ಎದುರಿನ ವಿಮಾನವನ್ನು ಕಂಡು, ಗುರುತಿಸಿ, ಅಪಾಯವೆಂದು ಅರಿತು, ತೀರ್ಮಾನಿಸಿ, ವಿಮಾನ ನಿಜಕ್ಕೂ ತಿರುಗಲು ಒಟ್ಟು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗದರ್ಶಿ ಲೆಕ್ಕ ಹಾಕುತ್ತದೆ. ಅಷ್ಟರಲ್ಲಿ ಒಂದೂವರೆ ಕಿಲೋಮೀಟರ್ ಮುಗಿದಿರುತ್ತದೆ. ಪಕ್ಕದಿಂದ ಅಥವಾ ಹಿಂದಿನಿಂದ ಸಮೀಪಿಸುವಾಗ ಅಂತರ ಇಷ್ಟು ಬೇಗ ಕರಗುವುದಿಲ್ಲ. ಆದ್ದರಿಂದ ಬೆಳಕನ್ನು ಸಮನಾಗಿ ಹಂಚದೆ ಅಪಾಯ ವೇಗವಾಗಿ ಬರುವ ದಿಕ್ಕಿಗೆ ಹೆಚ್ಚು ಕೊಡಲಾಗಿದೆ.

ಅಂಗಡಿಯಲ್ಲಿ ದೀಪ ಕೊಳ್ಳುವಾಗ ಆಗುವ ಮೋಸವೂ ಇಲ್ಲೇ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಲ್ಯೂಮೆನ್. ಅದು ದೀಪ ಎಲ್ಲ ದಿಕ್ಕಿಗೆ ಚೆಲ್ಲುವ ಒಟ್ಟು ಬೆಳಕು. ಕ್ಯಾಂಡೆಲಾ ಹೇಳುವುದು ಒಂದು ನಿರ್ದಿಷ್ಟ ದಿಕ್ಕಿಗೆ ಎಷ್ಟು ಹೋಗುತ್ತದೆ ಎಂಬುದನ್ನು. ಸಾವಿರ ಲ್ಯೂಮೆನ್ ದೀಪವೂ ಬೇಕಾದ ದಿಕ್ಕಿಗೆ 5 ಕ್ಯಾಂಡೆಲಾ ಕೊಡದೆ ಇರಬಹುದು. ಇನ್ನೂ ಒಂದು ಮಾತು: ದೂರ ಎರಡು ಪಟ್ಟಾದರೆ ಕಣ್ಣಿಗೆ ತಲುಪುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಅಂದರೆ ದೀಪದ ತೀವ್ರತೆಯನ್ನು ಎರಡು ಪಟ್ಟು ಮಾಡಿದರೆ ಅದು ಕಾಣುವ ದೂರ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟಾಗುತ್ತದೆ ಅಷ್ಟೆ. ಅದೇ ರೆಕ್ಕೆಯ ಅಂಚು ಅಡ್ಡ ಬಂದರೆ ಕಾಣುವ ದೂರ ಸೊನ್ನೆ.

ಎಲ್ಲಿ ಕೂರಿಸಬೇಕು?

ಕೆಂಪು ಮತ್ತು ಹಸಿರು ದೀಪಗಳು ಒಂದರಿಂದ ಒಂದು ಆದಷ್ಟು ದೂರವಿರಬೇಕು. ರೆಕ್ಕೆಯ ತುದಿಗಳೇ ಸಹಜ ಜಾಗ. ಇಲ್ಲಿ ಎರಡು ತಪ್ಪುಗಳು ಸುಲಭವಾಗಿ ಆಗುತ್ತವೆ.

ಅಂದಕ್ಕಾಗಿ ದೀಪವನ್ನು ರೆಕ್ಕೆಯ ತುದಿಯೊಳಗೆ ಹುದುಗಿಸಿ ಮೇಲೆ ಪಾರದರ್ಶಕ ಹೊದಿಕೆ ಹಾಕುವುದು ವಾಡಿಕೆ. ನೋಡಲು ಚೆನ್ನ, ಗಾಳಿಯ ಅಡ್ಡಿಯೂ ಕಡಿಮೆ. ಆದರೆ ಕತ್ತರಿಸಿದ ಗೂಡು ಚಿಕ್ಕದಾದರೆ ಅದರ ಹಿಂದಿನ ಗೋಡೆ 110 ಡಿಗ್ರಿವರೆಗೆ ಬೆಳಕು ಹೋಗಲು ಬಿಡುವುದಿಲ್ಲ. ಮೇಲೆ, ಕೆಳಗೆ ಕೂಡ ನೋಟ ಕಟ್ಟಾಗುತ್ತದೆ. ನೇರ ಮೇಲಿನಿಂದ, ನೇರ ಕೆಳಗಿನಿಂದ ನೋಡಿದಾಗಲೂ ಕನಿಷ್ಠ 5 ಶೇಕಡಾ ತೀವ್ರತೆ ಉಳಿದಿರಬೇಕು ಎನ್ನುತ್ತದೆ ನಾವು ಮೇಲೆ ಹೇಳಿದ ಅದೇ ಅಳತೆಗೋಲು.

ಎರಡನೆಯ ತಪ್ಪು ರಸಮಟ್ಟದ್ದು. ಬಾಲದಲ್ಲಿ ಪುಟ್ಟ ಚಕ್ರವಿರುವ ವಿಮಾನ ಶೆಡ್ಡಿನಲ್ಲಿ ಮೂಗೆತ್ತಿಕೊಂಡು ನಿಂತಿರುತ್ತದೆ. ಆ ಭಂಗಿಯಲ್ಲಿ ರಸಮಟ್ಟ ಇಟ್ಟು ದೀಪವನ್ನು ನೆಲಕ್ಕೆ ಸಮವಾಗಿ ಕೂರಿಸಿದರೆ, ಹಾರುವಾಗ ಮೂಗು ಕೆಳಗಿಳಿದು ದೀಪವೂ ಹತ್ತಾರು ಡಿಗ್ರಿ ಕೆಳಕ್ಕೆ ವಾಲುತ್ತದೆ. ಮುಂದಿನವರಿಗಾಗಿ ಮೀಸಲಾದ 40 ಕ್ಯಾಂಡೆಲಾ ಹೊಲಗದ್ದೆಗಳಿಗೆ ಸಲ್ಲುತ್ತದೆ. ಆದ್ದರಿಂದ ಮೊದಲು ಬಾಲವನ್ನು ಎತ್ತಿ, ವಿಮಾನವನ್ನು ಹಾರುವ ಭಂಗಿಗೆ ತಂದು, ಆಮೇಲೆ ಕೋನ ಅಳೆಯಬೇಕು.

ಬಿಳಿ ದೀಪ ಆದಷ್ಟು ಹಿಂದಿರಬೇಕು. ಬಾಲದ ತುದಿಯಲ್ಲಿ ಒಂದು, ಅಥವಾ ಎರಡೂ ರೆಕ್ಕೆಗಳ ತುದಿಯಲ್ಲಿ ಹಿಂದಕ್ಕೆ ಮುಖ ಮಾಡಿ ಒಂದೊಂದು, ಎರಡೂ ಒಪ್ಪಿತ. ಬಾಲವಿಲ್ಲದ ಲಾಂಗ್-ಈಜಿ ಮಾದರಿಯ ಪ್ರಶ್ನೆಗೆ ಉತ್ತರ ಇದೇ. ಹಿಂದೆ ಪ್ರೊಪೆಲರ್ ತಿರುಗುತ್ತಿರುವುದರಿಂದ ನಡುವೆ ದೀಪ ಇಡಲು ಜಾಗವಿಲ್ಲ, ಆದ್ದರಿಂದ ಬಿಳಿ ದೀಪಗಳು ರೆಕ್ಕೆಯ ತುದಿಗಳಿಗೆ ಹೋಗುತ್ತವೆ.

ಮಿನುಗು ದೀಪ ಏಕೆ ಬೇಕು?

ಸ್ಥಿರ ದೀಪಗಳು ದಿಕ್ಕು ಹೇಳುತ್ತವೆ, ಆದರೆ ಅವನ್ನು ಮೊದಲು ಯಾರಾದರೂ ನೋಡಬೇಕಲ್ಲ? ಇಲ್ಲಿ ನಮ್ಮ ಕಣ್ಣಿನದೇ ಒಂದು ದೌರ್ಬಲ್ಯ ಅಡ್ಡ ಬರುತ್ತದೆ. ನಮ್ಮ ಕಣ್ಣಂಚಿನ ನೋಟ ಚಲನೆಯನ್ನು ಬೇಗ ಹಿಡಿಯುತ್ತದೆ, ನಿಶ್ಚಲವಾದದ್ದನ್ನು ಕಡೆಗಣಿಸುತ್ತದೆ. ಎರಡು ವಿಮಾನಗಳು ನೇರ ಹಾದಿಯಲ್ಲಿ ಡಿಕ್ಕಿಯ ಕಡೆಗೆ ಸಾಗುತ್ತಿದ್ದರೆ, ಒಂದರ ಗಾಜಿನಲ್ಲಿ ಇನ್ನೊಂದು ಒಂದೇ ಜಾಗದಲ್ಲಿ ಕದಲದೆ ನಿಂತಂತೆ ಕಾಣುತ್ತದೆ. ಗಾಜಿನ ಮೇಲೆ ಸರಿಯುತ್ತಿರುವ ವಿಮಾನ ಪಕ್ಕದಿಂದ ಹಾದುಹೋಗುತ್ತದೆ. ಸರಿಯದೆ ನಿಂತಿರುವುದೇ ಅಪಾಯದ್ದು, ಮತ್ತು ಕಣ್ಣು ತಪ್ಪಿಸಿಕೊಳ್ಳುವುದೂ ಅದನ್ನೇ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಅದು ದಿಢೀರನೆ ದೊಡ್ಡದಾಗುತ್ತದೆ; ಅಷ್ಟರಲ್ಲಿ ತಡವಾಗಿರುತ್ತದೆ. ಮಿನುಗು ದೀಪ ಆ ನಿಶ್ಚಲ ಚುಕ್ಕಿಗೆ ಒಂದು ಬದಲಾವಣೆಯನ್ನು ಕೊಟ್ಟು ಕಣ್ಣನ್ನು ಎಬ್ಬಿಸುತ್ತದೆ.

ಇದಕ್ಕೆ ಬೇಕಾದ ಕನಿಷ್ಠ ತೀವ್ರತೆ, ಮಟ್ಟದ ನೇರದಲ್ಲಿ, 400 ಕ್ಯಾಂಡೆಲಾ. ನಿಮಿಷಕ್ಕೆ 40ರಿಂದ 100 ಸಲ ಮಿನುಗಬೇಕು. ಬಣ್ಣ ಕೆಂಪು ಅಥವಾ ಬಿಳಿ. ಸುತ್ತಲೂ, ಮೇಲೆ 75 ಮತ್ತು ಕೆಳಗೆ 75 ಡಿಗ್ರಿವರೆಗೆ ಕಾಣಬೇಕು. ವಿಮಾನದ ಮೈಯೇ ಅಡ್ಡ ಬಂದು ಮರೆಯಾಗುವ ಜಾಗ ಒಟ್ಟಾರೆ ಗೋಳದ ಸುಮಾರು 4 ಶೇಕಡಾ ಮೀರಬಾರದು. ಬಾಲದ ಮೇಲಿನ ಒಂದೇ ದೀಪ ಕೆಳಗಿನವರಿಗೆ ಮರೆಯಾಗುತ್ತದೆ, ಹೊಟ್ಟೆಯ ಕೆಳಗಿನದು ಮೇಲಿನವರಿಗೆ ಮರೆಯಾಗುತ್ತದೆ. ರೆಕ್ಕೆಯ ತುದಿಗಳಲ್ಲಿ ಎರಡು ಇಟ್ಟರೆ ಒಂದು ತಲುಪದ ಜಾಗವನ್ನು ಇನ್ನೊಂದು ತುಂಬುತ್ತದೆ.

ಇಲ್ಲಿ 400 ಎಂಬುದು ದೀಪದ ಗರಿಷ್ಠ ಪ್ರಕಾಶವಲ್ಲ, ಕಣ್ಣಿಗೆ ಅನುಭವವಾಗುವ ಪ್ರಕಾಶ. ಕ್ಷಣಿಕ ಮಿಂಚನ್ನು ನಮ್ಮ ಕಣ್ಣು ಅದರ ನಿಜವಾದ ತೀವ್ರತೆಗಿಂತ ಮಂಕಾಗಿ ಕಾಣುತ್ತದೆ. ಫ್ರಾನ್ಸಿನ ಬ್ಲಾಂಡೆಲ್ ಮತ್ತು ರೇ ಎಂಬ ವಿಜ್ಞಾನಿಗಳು 1911ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ಮಿಂಚುವ ದೀಪ 400 ಕ್ಯಾಂಡೆಲಾದಂತೆ ಕಾಣಬೇಕಾದರೆ ಅದರ ನಿಜ ತೀವ್ರತೆ ಸುಮಾರು 80,000 ಇರಬೇಕು. ಅದೇ ಸೆಕೆಂಡಿನ ಐದನೇ ಒಂದು ಭಾಗ ಉರಿಯುವ ದೀಪಕ್ಕೆ 800 ಸಾಕು. ಹಳೆಯ ಕ್ಸೆನಾನ್ ಸ್ಟ್ರೋಬ್ ಹತ್ತಿರದಲ್ಲಿ ಕಣ್ಣು ಕುಕ್ಕುವಂತೆ ಹೊಳೆಯುವುದಕ್ಕೂ, ತುಸು ಹೆಚ್ಚು ಹೊತ್ತು ಉರಿಯುವ ಎಲ್‌ಇಡಿ ಕಡಿಮೆ ತೀವ್ರತೆಯಲ್ಲೇ ಅದೇ ಕೆಲಸ ಮಾಡುವುದಕ್ಕೂ ಕಾರಣ ಇದು.

ಮಿನುಗು ದೀಪದ ನೇರ ಬೆಳಕು ಪೈಲಟ್‌ನ ಕಣ್ಣಿಗೆ ಬೀಳಬಾರದು. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆ ಬೇಕು, ಅದನ್ನು ಕೆಡಿಸಲು ಕೆಲವು ಮಿಂಚುಗಳು ಸಾಕು. ಮೋಡದೊಳಗೆ ಹೊಕ್ಕಾಗ ಸ್ಟ್ರೋಬ್‌ನ ಬೆಳಕು ಸುತ್ತಲಿಂದ ಮರಳಿ ಬಂದು ದಿಕ್ಕು ತಪ್ಪಿಸುತ್ತದೆ. ಅಂಥ ಹೊತ್ತಿನಲ್ಲಿ ಅದನ್ನು ಆರಿಸಲು ಪೈಲಟ್‌ಗೆ ನಿಯಮವೇ ಅವಕಾಶ ಕೊಟ್ಟಿದೆ. ಆದ್ದರಿಂದ ಸ್ಟ್ರೋಬ್‌ಗೂ ಸ್ಥಾನಸೂಚಕ ದೀಪಕ್ಕೂ ಬೇರೆ ಬೇರೆ ಸ್ವಿಚ್ ಇಡುವುದು ಜಾಣತನ.

ಹಗಲಲ್ಲಿ ದೀಪ ದಂಡವೇ?

ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗುವುದು ರಾತ್ರಿ ಅಥವಾ ಮಂಜಿನಲ್ಲಿ ಎಂದು ನಾವು ಊಹಿಸುತ್ತೇವೆ. ವಾಸ್ತವ ಬೇರೆ. ಇಂಥ ಅಪಘಾತಗಳಲ್ಲಿ ಹೆಚ್ಚಿನವು ಹಗಲಲ್ಲಿ, ಒಳ್ಳೆಯ ಹವೆಯಲ್ಲಿ, ವಿಮಾನ ನಿಲ್ದಾಣಗಳ ಸಮೀಪದಲ್ಲಿ ಆಗುತ್ತವೆ. ಹವೆ ಚೆನ್ನಾಗಿದ್ದಾಗಲೇ ಸಣ್ಣ ವಿಮಾನಗಳು ಹೆಚ್ಚು ಹಾರುತ್ತವೆ, ಎಲ್ಲವೂ ಬಂದು ಸೇರುವುದು ನಿಲ್ದಾಣದ ಸುತ್ತ.

ಹಗಲ ಬಿಸಿಲಲ್ಲಿ 40 ಕ್ಯಾಂಡೆಲಾದ ಸ್ಥಾನಸೂಚಕ ದೀಪ ನೆರವಿಗೆ ಬರುವುದಿಲ್ಲ. ಸ್ಟ್ರೋಬ್ ಕೂಡ ಬಿಸಿಲಿನ ಮುಂದೆ ಮಂಕು. ಉಪಯೋಗಕ್ಕೆ ಬರುವುದು ಲ್ಯಾಂಡಿಂಗ್ ದೀಪ. 10,000 ಅಡಿಗಿಂತ ಕೆಳಗೆ, ನಿಲ್ದಾಣದಿಂದ 10 ಮೈಲಿಯೊಳಗೆ ಹಗಲಲ್ಲೂ ಅದನ್ನು ಹಚ್ಚಿರಿ ಎಂದು ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಸಲಹೆ ಕೊಡುತ್ತದೆ. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಲೇ ಇರುವುದು ಇದೇ ತರ್ಕದ ಮೇಲೆ. ಎರಡು ರೆಕ್ಕೆಗಳಲ್ಲಿ ಒಂದೊಂದು ದೀಪವಿಟ್ಟು ಅವು ಸರದಿಯಂತೆ ಉರಿಯುವ ಹಾಗೆ ಮಾಡಿದರೆ ಗಮನ ಇನ್ನೂ ಬೇಗ ಸೆಳೆಯುತ್ತದೆ. ಆದರೆ ಇದು ಮುಂದಿರುವವರಿಗೆ ಮಾತ್ರ ಕಾಣುತ್ತದೆ. ಹಿಂದಿನಿಂದ, ಪಕ್ಕದಿಂದ ಬರುವವರಿಗೆ ಇಲ್ಲ.

ಭಾರತದಲ್ಲಿ ಕಣ್ಣಳತೆಯ ಹಾರಾಟಕ್ಕೆ, ಸ್ಥಳೀಯ ಮತ್ತು ತರಬೇತಿ ಹಾರಾಟಗಳ ವಿಶೇಷ ಅನುಮತಿಗಳನ್ನು ಬಿಟ್ಟರೆ, ಸೂರ್ಯಾಸ್ತದ 20 ನಿಮಿಷದ ನಂತರ ಅವಕಾಶವಿಲ್ಲ. ಹಾಗಾಗಿ ನಮ್ಮ ಸಣ್ಣ ವಿಮಾನಗಳಿಗೂ ಹಗಲಿನಲ್ಲಿ ಕಾಣಿಸಿಕೊಳ್ಳುವುದೇ ಮೊದಲ ಪ್ರಶ್ನೆ.

ಲ್ಯಾಂಡಿಂಗ್ ದೀಪ ಯಾವ ಕಡೆಗೆ?

ದೀಪವನ್ನು ನೇರ ಮುಂದಕ್ಕೆ ತಿರುಗಿಸಿ ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು ಎಂದುಕೊಂಡರೆ ಮೊದಲ ರಾತ್ರಿಯೇ ಪಾಠವಾಗುತ್ತದೆ. ವಿಮಾನ ಸಾಮಾನ್ಯವಾಗಿ ನೆಲಕ್ಕೆ 3 ಡಿಗ್ರಿಯಷ್ಟು ಇಳಿಜಾರಿನಲ್ಲಿ ಬರುತ್ತದೆ, ನೆಲ ಮುಟ್ಟುವ ಮುನ್ನ ಮೂಗೆತ್ತುತ್ತದೆ. ಮೂಗಿನ ಜೊತೆ ಬೆಳಕೂ ಮೇಲೇಳುತ್ತದೆ, ನೆಲ ಬೇಕಾದ ಹೊತ್ತಿಗೇ ಕಾಣದಾಗುತ್ತದೆ.

ಪರಿಹಾರ ಸರಳ. ಹಗಲಲ್ಲಿ ಇಳಿಯುವಾಗ ವಿಮಾನದ ಭಂಗಿ ಎಷ್ಟು ಡಿಗ್ರಿ ಎಂದು ಬರೆದಿಟ್ಟುಕೊಳ್ಳಿ. ನೆಲದ ಮೇಲೆ ವಿಮಾನವನ್ನು ಅದೇ ಭಂಗಿಗೆ ತನ್ನಿ. ದೀಪದಿಂದ 10 ಮೀಟರ್ ದೂರದ ಗೋಡೆಯಲ್ಲಿ, ದೀಪದ ಎತ್ತರಕ್ಕಿಂತ 52 ಸೆಂಟಿಮೀಟರ್ ಕೆಳಗೆ ಬೆಳಕಿನ ನಡುಭಾಗ ಬಿದ್ದರೆ ಅದು 3 ಡಿಗ್ರಿ. ಎರಡು ದೀಪಗಳಿದ್ದರೆ ಒಂದನ್ನು ಹೀಗೆ, ಇನ್ನೊಂದನ್ನು ಮೂಗೆತ್ತಿದಾಗಲೂ ನೆಲ ಕಾಣುವಂತೆ ಇನ್ನಷ್ಟು ಕೆಳಕ್ಕೆ, ಅಗಲವಾಗಿ ಹರಡುವ ಹಾಗೆ ಇಡಬಹುದು.

ಮೂಗಿನಲ್ಲಿ ದೀಪವಿಟ್ಟರೆ ವೈರು ಉಳಿಯುತ್ತದೆ, ಆದರೆ ತಿರುಗುವ ಪ್ರೊಪೆಲರ್ ಮೇಲೆ ಬೆಳಕು ಬಿದ್ದು ಕಣ್ಣಿಗೆ ಮಿಣುಕುತ್ತದೆ, ಎಂಜಿನ್ನಿನ ನಡುಕಕ್ಕೆ ದೀಪ ಬೇಗ ಹಾಳಾಗುತ್ತದೆ. ರೆಕ್ಕೆಯಲ್ಲಿ ಇಡುವುದು ಶ್ರಮದ ಕೆಲಸ, ಆದರೆ ಈ ಎರಡೂ ತೊಂದರೆಗಳಿಲ್ಲ.

ಎಲ್‌ಇಡಿ ಹಾಕಿದರೆ ಎಲ್ಲ ಸರಿಹೋಗುತ್ತದೆಯೇ?

ಎಲ್‌ಇಡಿ ದೊಡ್ಡ ಉಪಕಾರ ಮಾಡಿದೆ ಎಂಬುದರಲ್ಲಿ ಸಂದೇಹವಿಲ್ಲ. ಹಳೆಯ ಲ್ಯಾಂಡಿಂಗ್ ಬಲ್ಬು 100 ವ್ಯಾಟ್ ಕುಡಿಯುತ್ತಿತ್ತು, ಅದರ ಆಯುಷ್ಯ ಕೇವಲ 25 ಗಂಟೆ. ಹಗುರ ವಿಮಾನಗಳಲ್ಲಿ ಜನಪ್ರಿಯವಾದ ರೋಟ್ಯಾಕ್ಸ್ 912 ಎಂಜಿನ್ನಿನ ಒಳಗಿನ ಜನರೇಟರು ಕೊಡುವುದೇ ಸುಮಾರು 250 ವ್ಯಾಟ್. ಅಂಥ ಎರಡು ಬಲ್ಬು ಹಚ್ಚಿದರೆ ರೇಡಿಯೊಗೆ, ಉಪಕರಣಗಳಿಗೆ ಉಳಿಯುವುದು ಬಹಳ ಕಡಿಮೆ. ಆದರೂ ಬಲ್ಬು ತೆಗೆದು ಮಾರುಕಟ್ಟೆಯ ಎಲ್‌ಇಡಿ ಸಿಕ್ಕಿಸುವ ಮುನ್ನ ನಾಲ್ಕು ಸಂಗತಿ ನೋಡಬೇಕು.

ಒಂದು, ಬಣ್ಣ. ಹಳೆಯ ಕೆಂಪು ಗಾಜು ಹಳದಿ ಬೆಳಕಿನ ಬಲ್ಬಿಗಾಗಿ ಮಾಡಿದ್ದು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಗಾಜಿನ ಹಿಂದೆ ಅದನ್ನಿಟ್ಟರೆ ಹೊರಗೆ ಬರುವ ಕೆಂಪು ಬೆಳಕು ಮಂಕಾಗುತ್ತದೆ. ಹಸಿರು ಗಾಜಿನಲ್ಲಿ ನೀಲಿ ಛಾಯೆ ಬರುತ್ತದೆ. ಕೆಂಪು ದೀಪಕ್ಕೆ ಕೆಂಪು ಎಲ್‌ಇಡಿಯನ್ನೇ ಬಳಸಬೇಕು.

ಎರಡು, ರೇಡಿಯೊ ಗದ್ದಲ. ಎಲ್‌ಇಡಿಗೆ ವಿದ್ಯುತ್ ಕೊಡುವ ಪುಟ್ಟ ಸರ್ಕ್ಯೂಟು ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತಿರುತ್ತದೆ. ಅದರ ಪ್ರತಿಧ್ವನಿಗಳು ವಿಮಾನಗಳು ಮಾತಾಡುವ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯವರೆಗೂ ಬರಬಲ್ಲವು. ಕಾಣಿಸಿಕೊಳ್ಳಲು ಹಾಕಿದ ದೀಪ ಕೇಳಿಸಿಕೊಳ್ಳುವುದನ್ನು ಕೆಡಿಸಿದರೆ ಲಾಭವೇನು? ರೇಡಿಯೊದ ಸ್ಕ್ವೆಲ್ಚ್ ತೆರೆದಿಟ್ಟು ಒಂದೊಂದೇ ದೀಪ ಹಚ್ಚಿ ಕೇಳಿ ನೋಡುವುದು ಸುಲಭದ ಪರೀಕ್ಷೆ.

ಮೂರು, ದಿಕ್ಸೂಚಿ. ಸುಮಾರು 8 ಆಂಪಿಯರ್ ಹರಿಯುವ ಒಂಟಿ ವೈರು 10 ಸೆಂಟಿಮೀಟರ್ ದೂರದಲ್ಲಿ 15 ಮೈಕ್ರೊಟೆಸ್ಲಾದಷ್ಟು ಕಾಂತಕ್ಷೇತ್ರ ಉಂಟುಮಾಡುತ್ತದೆ. ಭೂಮಿಯ ಕಾಂತಕ್ಷೇತ್ರವೇ 25ರಿಂದ 65 ಮೈಕ್ರೊಟೆಸ್ಲಾ. ಹೋಗುವ, ಬರುವ ವೈರುಗಳನ್ನು ಹುರಿಗೊಳಿಸಿ ಎಳೆದರೆ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತದೆ.

ನಾಲ್ಕು, ಬಿಸಿ. ಎಲ್‌ಇಡಿ ಕಡಿಮೆ ಬಿಸಿಯಾದರೂ ಆ ಬಿಸಿ ಚಿಪ್ಪಿನೊಳಗೇ ಹುಟ್ಟುತ್ತದೆ. ಹಾರುವಾಗ ಗಾಳಿ ತಂಪು ಮಾಡುತ್ತದೆ, ನೆಲದಲ್ಲಿ ನಿಂತಾಗ ಆ ಅನುಕೂಲವಿಲ್ಲ. ಬಲ್ಬು ಹೋದರೆ ತಟ್ಟನೆ ಗೊತ್ತಾಗುತ್ತದೆ. ಬಿಸಿಗೆ ಬಳಲಿದ ಎಲ್‌ಇಡಿ ವರ್ಷಗಳಲ್ಲಿ ನಿಧಾನವಾಗಿ ಮಂಕಾಗುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ.

ಮೈದಾನದಲ್ಲಿ ಒಂದು ಸಂಜೆ

ಎಲ್ಲ ದೀಪ ಕೂರಿಸಿದ ಮೇಲೆ ಹಾರುವ ಮುನ್ನ ಒಂದು ಸಂಜೆ ಮೀಸಲಿಟ್ಟರೆ ಸಾಕು. ಕತ್ತಲಾದ ಮೇಲೆ ವಿಮಾನವನ್ನು ಹಾರುವ ಭಂಗಿಯಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಒಂದೊಂದು ದೀಪವನ್ನೂ ಕೇಂದ್ರವಾಗಿಟ್ಟು 10 ಮೀಟರ್ ಹಗ್ಗದಿಂದ ಕಂಸ ಎಳೆಯಿರಿ; ಅದರ ಮೇಲೆ ಪ್ರತಿ 1.75 ಮೀಟರ್‌ಗೆ ಸುಮಾರು 10 ಡಿಗ್ರಿ. ದೀಪದ ನೇರ ಮುಂದಿನಿಂದ ನಡೆಯುತ್ತ ಹೋಗಿ. 110 ಡಿಗ್ರಿಯವರೆಗೆ ಕೆಂಪು ಎಲ್ಲೂ ಮರೆಯಾಗಬಾರದು. ಅಲ್ಲಿಗೆ ಬಂದಾಗ ಕೆಂಪು ಜಾರಿ ಬಿಳಿ ಮೂಡಬೇಕು. ಎರಡೂ ಕಾಣದ ಜಾಗ ಸಿಕ್ಕರೆ, ಆಕಾಶದಲ್ಲಿ ಆ ದಿಕ್ಕಿನಿಂದ ಬರುವವರಿಗೆ ನೀವು ಇಲ್ಲ.

ಬೆಳಕಳೆಯುವ ಲಕ್ಸ್ ಮೀಟರ್ ಇದ್ದರೆ 2 ಮೀಟರ್ ದೂರದಲ್ಲಿ ಹಿಡಿಯಿರಿ. ಲಕ್ಸ್‌ನ ಅಂಕಿಯನ್ನು ದೂರದ ವರ್ಗದಿಂದ, ಅಂದರೆ 4ರಿಂದ, ಗುಣಿಸಿದರೆ ಕ್ಯಾಂಡೆಲಾ ಸಿಗುತ್ತದೆ. ನೇರ ಮುಂದೆ 10 ಲಕ್ಸ್ ಬಂದರೆ 40 ಕ್ಯಾಂಡೆಲಾ. ಪಕ್ಕದಲ್ಲಿ 1.25 ಲಕ್ಸ್ ಬಂದರೆ 5. ಹಿಂದೆ 5 ಲಕ್ಸ್ ಬಂದರೆ 20. ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿದರೆ ಎಲ್‌ಇಡಿ ಮಂಕಾಗುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ.

ದೀಪ ಕೊಳ್ಳುವಾಗ ನಾವು ಸಾಮಾನ್ಯವಾಗಿ "ಇದು ಎಷ್ಟು ಬೆಳಕು ಕೊಡುತ್ತದೆ?" ಎಂದು ಕೇಳುತ್ತೇವೆ. ವಿಮಾನ ಕಟ್ಟುವವರು ಕೇಳಬೇಕಾದ ಪ್ರಶ್ನೆ "ಇದು ಯಾರಿಗೆ, ಎಲ್ಲಿಂದ ಕಾಣುತ್ತದೆ?" ಎಂಬುದು. ಅದಕ್ಕೆ ಉತ್ತರ ಕಂಡುಕೊಳ್ಳಲು ಕಾಕ್‌ಪಿಟ್‌ನಲ್ಲಿ ಕೂತರೆ ಸಾಲದು. ಕೆಳಗಿಳಿದು, ಹಗ್ಗ ಹಿಡಿದು, ತನ್ನದೇ ವಿಮಾನದ ಸುತ್ತ ಕತ್ತಲಲ್ಲಿ ಒಂದು ಸುತ್ತು ನಡೆದು ಬರಬೇಕು.